ಮಂಡಿ ಸವೆತ: ತೈ ಚಿ, ಅಕ್ಯುಪಂಕ್ಚರ್, ಇಲ್ಲಾ ಗಿಡಮೂಲಿಕೆ?

ನಿಮ್ಮ ಅಮ್ಮನ ಮಂಡಿಗೆ ಚೀನೀ ಪದ್ಧತಿಯಲ್ಲಿ ಯಾವುದು ಸರಿ ಅಂತ ಕೇಳಿದ್ದೀರಿ. ಸವೆದ ಕಾರ್ಟಿಲೇಜನ್ನು (ಕೀಲಿನ ಮೂಳೆ ತುದಿಗಿರುವ ಮೆತ್ತೆಯನ್ನು) ತೈ ಚಿ, ಅಕ್ಯುಪಂಕ್ಚರ್, ಗಿಡಮೂಲಿಕೆ ಮೂರೂ ಮತ್ತೆ ಬೆಳೆಸುವುದಿಲ್ಲ. ನೋವು ಒಂದಿಷ್ಟು ಇಳಿಯಬಹುದು, ಅಷ್ಟೇ.

ಆಧಾರ ಜಾಸ್ತಿ ಇರುವುದು ತೈ ಚಿಗೆ, ಅಂದರೆ ಚೀನಾದ ನಿಧಾನ ಚಲನೆಯ ವ್ಯಾಯಾಮಕ್ಕೆ. 2016ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ 12 ವಾರದ ತೈ ಚಿ, ಫಿಸಿಯೋಥೆರಪಿಯಷ್ಟೇ ಗುಣ ಕೊಟ್ಟಿತು. ಮಂಡಿಯನ್ನು ತುಸುವೇ ಬಗ್ಗಿಸಿ, ಮೈಭಾರವನ್ನು ನಿಧಾನಕ್ಕೆ ಒಂದು ಕಾಲಿಂದ ಇನ್ನೊಂದಕ್ಕೆ ದಾಟಿಸುವುದು. ತೊಡೆಯ ಸ್ನಾಯು ಗಟ್ಟಿಯಾಗುವುದು ಅಲ್ಲೇ. ಕಲಿತ ಮೇಲೆ ಖರ್ಚಿಲ್ಲ. ಆದರೆ ಬಿಡದೆ ಮಾಡಬೇಕಲ್ವಾ? ತುಂಬಾ ಕೆಳಗೆ ಬಗ್ಗುವ ಭಂಗಿ ಮಾತ್ರ ಬೇಡ.

ನಿಂತು ಮಾಡಲಾಗದಷ್ಟು ನೋವಿದ್ದರೆ ಅಕ್ಯುಪಂಕ್ಚರ್ ನೋಡಬಹುದು. ಮಂಡಿಚಿಪ್ಪಿನ ಕೆಳಗೆ ಹೊರಬದಿಯ ಕುಳಿಯಲ್ಲಿ, ಸುತ್ತಮುತ್ತ ಸಣ್ಣ ಸೂಜಿ ಚುಚ್ಚಿ 20–30 ನಿಮಿಷ ಬಿಡುತ್ತಾರೆ. ಪ್ರತಿ ಸಲವೂ ದುಡ್ಡು. ಹೋಲಿಕೆಗಾಗಿ ಸುಮ್ಮನೆ ಚುಚ್ಚಿದಂತೆ ಮಾಡುವ ಹುಸಿ ಸೂಜಿಗಿಂತ ಲಾಭ ಸ್ವಲ್ಪವೇ. ಬ್ರಿಟನ್ನಿನ ಆರೋಗ್ಯ ಸಂಸ್ಥೆ ನೈಸ್‌ನ ಮಾರ್ಗಸೂಚಿ ಬೇಡ ಎನ್ನುತ್ತದೆ, ಅಮೆರಿಕದ ಸಂಧಿವಾತ ತಜ್ಞರು ಗಟ್ಟಿಯಾಗಿ ಅಲ್ಲದಿದ್ದರೂ ಒಪ್ಪುತ್ತಾರೆ. ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ಳುತ್ತಿದ್ದರೆ ಮೊದಲೇ ಹೇಳಿ.

ನುಂಗುವ ಗಿಡಮೂಲಿಕೆ? ನಾನಂತೂ ಹಿಂಜರಿಯುತ್ತೇನೆ. ಕೆಲವು ಚೀನೀ ಔಷಧಿಗಳಲ್ಲಿ ಬಳಸಿದ ಅರಿಸ್ಟೊಲೋಕಿಯಾ ಜಾತಿಯ ಗಿಡಗಳು ಕಿಡ್ನಿ ಹಾಳುಮಾಡಿದ ದಾಖಲೆಯಿದೆ. ಸಣ್ಣ ನೋವಿಗೆ ಚರ್ಮದ ಮೇಲೆ ಅಂಟಿಸುವ ಗಿಡಮೂಲಿಕೆ ಪಟ್ಟಿ ಪ್ರಯತ್ನಿಸಬಹುದು. ಚರ್ಮ ತುರಿಸಿದರೆ ತೆಗೆದುಬಿಡಿ.