ಮೂರು ತಿಂಗಳ ಅಗ್ನಿವೀರ ಕೋಚಿಂಗ್: ಹಣ ಕಟ್ಟಿದ ಅಕ್ಕನ ಲೆಕ್ಕ

ಸವದತ್ತಿ ತಾಲ್ಲೂಕಿನ ನಮ್ಮೂರಲ್ಲಿ ಹಾಲಿನ ಸೊಸೈಟಿಯ ಲೆಕ್ಕ ಬರೆಯುವವಳು ನಾನು. ಹೋದ ವರ್ಷ, ಅಂದರೆ 2025ರ ಫೆಬ್ರುವರಿಯಲ್ಲಿ, ಅಗ್ನಿವೀರ (ಅಗ್ನಿಪಥ ಯೋಜನೆಯ ನಾಲ್ಕು ವರ್ಷದ ಸಿಪಾಯಿ) ಆಗಲಿ ಅಂತ ತಮ್ಮನನ್ನು ಧಾರವಾಡದ ಕಡೆಯ ಒಂದು ‘ಮಿಲ್ಟ್ರಿ ಭರ್ತಿ’ ಅಕಾಡೆಮಿಗೆ ಸೇರಿಸಿದ್ದೆ. ಮೂರು ತಿಂಗಳು, ಊಟ–ವಸತಿ ಅಲ್ಲೇ. ಊರಲ್ಲಿ ಯಾರ ಮನೆಯಲ್ಲಿ ಪಿಯುಸಿ ಮುಗಿಸಿದ ಹುಡುಗನಿದ್ದಾನೋ ಅವರೆಲ್ಲ ಈಗ ನನಗೇ ಫೋನ್ ಮಾಡಿ ‘ಹೆಂಗೈತಿ ಅಲ್ಲೆ?’ ಅಂತ ಕೇಳುತ್ತಿದ್ದಾರೆ. ಹತ್ತು ಮಂದಿಗೆ ಹತ್ತು ಸಲ ಹೇಳುವುದಕ್ಕಿಂತ ಒಮ್ಮೆ ಬರೆದುಬಿಡೋಣ ಅನ್ನಿಸಿತು. ಅಕಾಡೆಮಿಯ ಹೆಸರು ಮಾತ್ರ ಹಾಕುವುದಿಲ್ಲ. ನಮ್ಮ 2,000 ರೂಪಾಯಿ ಡಿಪಾಸಿಟ್ ಇನ್ನೂ ಅವರ ಹತ್ತಿರವೇ ಇದೆ.

ಮೊದಲು ದುಡ್ಡಿನ ವಿಷಯ. ತಿಂಗಳಿಗೆ 13,000ದಂತೆ ಮೂರು ತಿಂಗಳಿಗೆ 39,000. ಟ್ರ್ಯಾಕ್‌ಸೂಟ್, ಬೂಟು, ಎರಡು ಬನಿಯನ್ ಸೇರಿ ‘ಕಿಟ್’ ಅಂತ 3,200. ಬೂಟಿನ ಅಟ್ಟೆ 40 ದಿನಕ್ಕೆ ಬಾಯಿಬಿಟ್ಟಿತು. ಡಿಪಾಸಿಟ್ 2,000. ಆನ್‌ಲೈನ್ ಅರ್ಜಿ ತುಂಬಲು 800. ಸೇನೆಯ ಅರ್ಜಿಗೆ ಅಭ್ಯರ್ಥಿ ಕಟ್ಟಬೇಕಾದದ್ದು 250 ಮಾತ್ರ. ಉಳಿದ 550 ಯಾಕೆ ಅಂತ ಕೇಳಿದ್ದಕ್ಕೆ ‘ಸರ್ವರ್ ಚಾರ್ಜ್ ರೀ ಅಕ್ಕಾರ’ ಅಂದರು. ಒಟ್ಟು 45,000. ಸ್ವಸಹಾಯ ಸಂಘದಲ್ಲಿ ಸಾಲ ತೆಗೆದು ಕಟ್ಟಿದ್ದು, ಅದರ ಕಂತು ಇನ್ನೂ ನಡೆದಿದೆ.

ಈಗ ಅವರು ಚೆನ್ನಾಗಿ ಮಾಡುವ ಕೆಲಸ. ಅದು ಗ್ರೌಂಡು. ಅಲ್ಲಿಯ ಕೋಚ್ ನಿವೃತ್ತ ಹವಾಲ್ದಾರರು, ಸುಮಾರು 50ರ ಮೇಲಿನವರು. ಬೆಳಗಿನ 4:45ಕ್ಕೆ ಅವರ ಸೀಟಿ. ಗರಸಿನ ಮೈದಾನದಲ್ಲಿ ಸುಣ್ಣದ ಗೆರೆ ಎಳೆದು 400 ಮೀಟರ್ ಸುತ್ತು ಮಾಡಿದ್ದಾರೆ. ಭರ್ತಿಯಲ್ಲಿ ಓಡಬೇಕಾದದ್ದು 1.6 ಕಿಲೋಮೀಟರ್, ಅಂದರೆ ಇಂಥ ನಾಲ್ಕು ಸುತ್ತು. 5 ನಿಮಿಷ 30 ಸೆಕೆಂಡಿನೊಳಗೆ ಮುಗಿಸಿದರೆ 60 ಅಂಕ, ಅದರ ಮೇಲೆ 15 ಸೆಕೆಂಡಿನೊಳಗೆ ಬಂದರೆ 48. ಬೀಮ್ ಹಿಡಿದು ಹತ್ತು ಸಲ ಮೈ ಎತ್ತಿದರೆ 40. ಅಲ್ಲಿಗೆ ನೂರಾಯಿತು. ಒಂಬತ್ತು ಅಡಿ ಗುಂಡಿ ಜಿಗಿಯುವುದು, ಜಿಗ್‌ಜ್ಯಾಗ್ ಕಟ್ಟೆಯ ಮೇಲೆ ನಡೆಯುವುದು ಇವಕ್ಕೆ ಅಂಕ ಇಲ್ಲ, ಪಾಸಾಗಬೇಕು ಅಷ್ಟೇ.

ನಮ್ಮ ಹುಡುಗರು ಊರಲ್ಲಿ ಓಡುವುದು ಹೇಗೆ? ಮೊದಲ ಸುತ್ತು ಜಾತ್ರೆಯ ಓಟದ ಹೋರಿಯಂತೆ, ಮೂರನೆಯ ಸುತ್ತಿಗೆ ಸೊಂಟ ಹಿಡಿದುಕೊಂಡು ನಡಿಗೆ. ಈ ಕೋಚ್ ಅದನ್ನೇ ಬಿಡಿಸಿದರು. ‘ಸುತ್ತಿಗೆ 82 ಸೆಕೆಂಡ್. 75ಕ್ಕ ಬಂದ್ರೂ ಬೈತೀನಿ, 90ಕ್ಕ ಬಂದ್ರೂ ಬೈತೀನಿ’ ಅನ್ನುತ್ತಿದ್ದರಂತೆ. ನೂರಾರು ಹುಡುಗರು ಒಟ್ಟಿಗೆ ಬಿಟ್ಟಾಗ ಮೊದಲ ಐವತ್ತು ಮೀಟರಿನಲ್ಲಿ ಮೊಣಕೈ ಪೆಟ್ಟು ತಿನ್ನದೆ ಹೊರಬರುವುದು ಹೇಗೆ ಅಂತಲೂ ಕಲಿಸಿದರು. ಅದಕ್ಕಾಗಿ ವಾರಕ್ಕೊಮ್ಮೆ ಎಲ್ಲರನ್ನೂ ಹಗ್ಗದ ಹಿಂದೆ ಒತ್ತೊತ್ತಾಗಿ ನಿಲ್ಲಿಸಿ ಒಮ್ಮೆಲೇ ಬಿಡುವುದು. ಹೋಗುವಾಗ ನನ್ನ ತಮ್ಮ 6 ನಿಮಿಷ 40 ಸೆಕೆಂಡಿನಲ್ಲಿ ಓಡುತ್ತಿದ್ದ. ಮೂರು ತಿಂಗಳಿಗೆ 5:27ಕ್ಕೆ ಇಳಿದ. ಹೋಗುವಾಗ ನಾಲ್ಕು ಬೀಮ್, ಬರುವಾಗ ಹನ್ನೊಂದು. ಈ ಕೆಲಸಕ್ಕೆ ನಾನು ಕಟ್ಟಿದ ದುಡ್ಡಿನ ಅರ್ಧವನ್ನು ಕಣ್ಣುಮುಚ್ಚಿ ಕೊಡುತ್ತೇನೆ.

ಇನ್ನರ್ಧದ ಕಥೆ ಊಟದಿಂದ ಶುರು.

ಕರಪತ್ರದಲ್ಲಿ ‘ದಿನಾಲು ಅರ್ಧ ಲೀಟರ್ ಹಾಲು, 2 ಮೊಟ್ಟೆ, ಬಾಳೆಹಣ್ಣು’ ಅಂತಿತ್ತು. ಮೊಟ್ಟೆ, ಬಾಳೆಹಣ್ಣಿಗೆ ಮೋಸ ಇಲ್ಲ. ಹಾಲಿನ ಮಾತನ್ನು ಮಾತ್ರ ಅವರು ತಪ್ಪು ಮನುಷ್ಯಳ ಮುಂದೆ ಆಡಿದರು. ಎರಡನೆಯ ತಿಂಗಳು ಭಾನುವಾರ ನೋಡಲು ಹೋದಾಗ ತಮ್ಮನಿಗೆ ಕೊಟ್ಟ ಲೋಟದ ಹಾಲು ನೋಡಿದೆ. ಕೆನೆ ಬಿಡಿ, ಲೋಟದ ಗೋಡೆಗೆ ಅಂಟುವ ಬಿಳಿ ಕೂಡ ಇರಲಿಲ್ಲ. ಮುಂದಿನ ಸಲ ಹೋಗುವಾಗ ವ್ಯಾನಿಟಿ ಬ್ಯಾಗಿನಲ್ಲಿ ಸೊಸೈಟಿಯ ಲ್ಯಾಕ್ಟೋಮೀಟರ್ (ಹಾಲಿಗೆ ನೀರು ಬೆರೆಸಿದ್ದನ್ನು ಪತ್ತೆಹಚ್ಚುವ ಗಾಜಿನ ಕೊಳವೆ) ಇಟ್ಟುಕೊಂಡೇ ಹೋದೆ. ನಗಬೇಡಿ. ಅಡುಗೆಯವರನ್ನು ಮಾತಾಡಿಸುತ್ತ ಕಾಯಿಸದ ಹಾಲು ಒಂದು ಚೆಂಬು ಕೇಳಿ, ಅದನ್ನು ಉದ್ದನೆಯ ಲೋಟಕ್ಕೆ ಸುರಿದು ಬಿಟ್ಟೆ. 28ರ ಸುತ್ತ ನಿಲ್ಲಬೇಕಾದ ಗೆರೆ 19ಕ್ಕೆ ಮುಳುಗಿತು. ಮೂರರಲ್ಲಿ ಒಂದು ಪಾಲು ನೀರು. ಅಲ್ಲದೆ ಹುಡುಗರು 60 ಮಂದಿ. ಅರ್ಧ ಲೀಟರಿನಂತೆ 30 ಲೀಟರ್ ಬೇಕು. ಒಲೆಯ ಪಕ್ಕ ಇದ್ದದ್ದು 15 ಲೀಟರಿನ ಒಂದೇ ಕ್ಯಾನು. ನಮ್ಮ ಸೊಸೈಟಿಗೆ ಇಂಥ ಹಾಲು ತಂದರೆ ಸಾಲಿನಲ್ಲಿ ನಿಂತ ಎಲ್ಲರ ಮುಂದೆಯೇ ವಾಪಸ್ ಕಳಿಸುತ್ತೇವೆ. ಮ್ಯಾನೇಜರಿಗೆ ಹೇಳಿದೆ. ‘ಬ್ಯಾಸಿಗಿ ರೀ, ಹಾಲು ತೆಳ್ಳಗ ಬರ್ತಾವ’ ಅಂದರು. ಬೇಸಿಗೆಯಲ್ಲಿ ಹಾಲು ಕಡಿಮೆಯಾಗುತ್ತದೆ, ನಿಜ. ಮೂರಕ್ಕೊಂದು ಪಾಲು ನೀರು ತಾನಾಗಿ ಬರುವುದಿಲ್ಲ.

ಲಿಖಿತ ಪರೀಕ್ಷೆಯ ಪಾಠ ಇನ್ನೂ ಸಪ್ಪೆ. ಈಗ ಮೊದಲು ಕಂಪ್ಯೂಟರಿನಲ್ಲಿ ಸಿಇಇ ಅನ್ನುವ ಪ್ರವೇಶ ಪರೀಕ್ಷೆ ಬರೆಯಬೇಕು, ಅದರಲ್ಲಿ ಹೆಸರು ಬಂದರೆ ಮಾತ್ರ ಮೈದಾನ. 2023ರಿಂದ ಹಾಗೇ. ಜನರಲ್ ಡ್ಯೂಟಿ, ಅಂದರೆ ಸಾಮಾನ್ಯ ಸಿಪಾಯಿ ಹುದ್ದೆಗೆ, ಒಂದು ತಾಸಿನಲ್ಲಿ 50 ಪ್ರಶ್ನೆ, ತಪ್ಪು ಉತ್ತರಕ್ಕೆ ಅಂಕ ಕಡಿತ. ಅಂದರೆ ಕಾಲಿಗಿಂತ ಮೊದಲು ತಲೆ ಓಡಬೇಕು. ಅಕಾಡೆಮಿ ಮಾತ್ರ ಇನ್ನೂ ಹಳೇ ಕಾಲದಲ್ಲೇ ಇದೆ. ದಿನಕ್ಕೆ ಐದು ತಾಸು ಗ್ರೌಂಡು, ಒಂದೂವರೆ ತಾಸು ಕ್ಲಾಸು, ಅದೂ ಮಧ್ಯಾಹ್ನ ಊಟವಾದ ಮೇಲೆ, ತಗಡಿನ ಶೆಡ್ಡಿನಲ್ಲಿ. ಅರ್ಧ ಹುಡುಗರು ತೂಕಡಿಸುತ್ತಿದ್ದರಂತೆ. ನೋಟ್ಸ್ ಎಲ್ಲ ಹಿಂದಿಯಲ್ಲಿ. 2025ರಿಂದ ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯಬಹುದು ಅಂತ ಪ್ರಕಟಣೆಯಲ್ಲೇ ಇತ್ತು. ನಾನು ಮೊಬೈಲಿನಲ್ಲಿ ತೋರಿಸಿದೆ. ‘ಟ್ರೇನಿಂಗ್‌ನಾಗ ಹಿಂದಿ ಬೇಕಾಗತೈತಲ್ರಿ’ ಅಂತ ಉತ್ತರ. ಬೇಕಾಗುತ್ತದೆ, ಒಪ್ಪಿದೆ. ಒಳಗೆ ಹೋಗಲು ಬೇಕಾದದ್ದನ್ನು ಮೊದಲು ಕಲಿಸಬೇಕಲ್ಲ. ಕೊನೆಗೆ ಹೈಸ್ಕೂಲಿನ ಗಣಿತ, ವಿಜ್ಞಾನದ ಕನ್ನಡ ಪುಸ್ತಕ ಹುಡುಕಿ ಕಳಿಸಿದೆ. ತಮ್ಮ ಅವನ್ನೇ ಓದಿ ಪಾಸಾದ.

‘ಪ್ರಿ–ಮೆಡಿಕಲ್ ಚೆಕಪ್ ಉಚಿತ’ ಅನ್ನುವುದೂ ಕರಪತ್ರದಲ್ಲಿತ್ತು. ಒಬ್ಬ ಟೇಪು, ತೂಕದ ಯಂತ್ರ ಹಿಡಿದು ಬಂದು ಎತ್ತರ 166ರ ಮೇಲಿದೆಯೇ, ಎದೆ 77 ಇದ್ದು 5 ಸೆಂಟಿಮೀಟರ್ ಉಬ್ಬುತ್ತದೆಯೇ ನೋಡಿ ಹೋದ. ಅಷ್ಟೇ ಚೆಕಪ್. ಸೇನೆಯ ಭರ್ತಿ ರ್ಯಾಲಿಯಲ್ಲಿ ತಮ್ಮನನ್ನು ಡಾಕ್ಟರು ತಡೆದದ್ದು ಕಿವಿಯ ಗುಗ್ಗೆಗೆ! ಟೆಂಪರರಿ ಅನ್‌ಫಿಟ್ ಅಂತ ಬರೆದು, ಮಿಲ್ಟ್ರಿ ಆಸ್ಪತ್ರೆಗೆ ರಿವ್ಯೂಗೆ ಹೋಗಲು ಚೀಟಿ ಕೊಟ್ಟರು. ಅವ್ವ ಎರಡು ದಿನ ಊಟ ಬಿಟ್ಟಳು. ಕಿವಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ, ಹತ್ತು ನಿಮಿಷದಲ್ಲಿ ತೊಳೆದು 300 ರೂಪಾಯಿ ತಗೊಂಡರು. ರಿವ್ಯೂನಲ್ಲಿ ಫಿಟ್. ಅಕಾಡೆಮಿಯವರು ಒಂದು ಬ್ಯಾಟರಿ ಬಿಟ್ಟು ಕಿವಿ ನೋಡಿದ್ದರೆ ಮುಗಿಯುತ್ತಿತ್ತು. ನಿಮ್ಮ ಹುಡುಗನನ್ನು ಕಳಿಸುವ ಮುಂಚೆ ಕಿವಿ, ಹಲ್ಲು, ಕಣ್ಣು, ಅಂಗಾಲು ನೀವೇ ಡಾಕ್ಟರಿಗೆ ತೋರಿಸಿ. ಕೈಮೇಲೆ ಹಚ್ಚೆ ಹಾಕಿಸಿಕೊಳ್ಳುವ ಹುಚ್ಚಿದ್ದರೆ ಮೊದಲೇ ಕಿವಿ ಹಿಂಡಿ.

ಇವೆಲ್ಲ ಸಣ್ಣವು. ನನಗೆ ನಿಜವಾಗಿ ಸಿಟ್ಟು ಬಂದದ್ದು ಆಫೀಸಿನ ಗೋಡೆಯ ಮೇಲಿನ ಬೋರ್ಡು ನೋಡಿ. ‘4 ವರ್ಷ ಸೇವೆ – ಸರ್ಕಾರದಿಂದ 12 ಲಕ್ಷ – ಖಾಯಂ ನೌಕರಿ ಅವಕಾಶ’ ಅಂತ ಕೇಸರಿ ಅಕ್ಷರದಲ್ಲಿ ಬರೆಸಿದ್ದಾರೆ. ನಾನು ಲೆಕ್ಕದವಳು, ಕೂತು ಲೆಕ್ಕ ಹಾಕಿದೆ. ಮೊದಲ ವರ್ಷ ಸಂಬಳ ತಿಂಗಳಿಗೆ 30,000. ಅದರಲ್ಲಿ 30 ಪರ್ಸೆಂಟ್, ಅಂದರೆ 9,000, ಸೇವಾ ನಿಧಿಗೆ ಹಿಡಿಯುತ್ತಾರೆ. ಕೈಗೆ 21,000. ನಾಲ್ಕನೆಯ ವರ್ಷ 40,000ದಲ್ಲಿ 12,000 ಹಿಡಿದು 28,000. ನಾಲ್ಕು ವರ್ಷ ಹೀಗೆ ಹಿಡಿದದ್ದು 5 ಲಕ್ಷ 2 ಸಾವಿರ. ಅಷ್ಟೇ ದುಡ್ಡು ಸರ್ಕಾರ ಸೇರಿಸುತ್ತದೆ, 10 ಲಕ್ಷ 4 ಸಾವಿರ ಆಯಿತು. ಬಡ್ಡಿ ಸೇರಿ 11.71 ಲಕ್ಷದ ಸುಮಾರು, ತೆರಿಗೆ ಇಲ್ಲ. ಕೆಟ್ಟ ದುಡ್ಡಲ್ಲ. ನಮ್ಮ ಎರಡು ಎಕರೆ ಎರಿಹೊಲ ನಾಲ್ಕು ವರ್ಷಕ್ಕೆ ಅಷ್ಟು ಉಳಿಸುವುದಿಲ್ಲ. ಆದರೆ ‘ಸರ್ಕಾರದಿಂದ 12 ಲಕ್ಷ’ ಅಂದರೆ ಸುಳ್ಳು, ಅದರಲ್ಲಿ ಅರ್ಧ ಹುಡುಗನದೇ ಸಂಬಳ. ಪಿಂಚಣಿ ಇಲ್ಲ, ಗ್ರಾಚ್ಯುಟಿ ಇಲ್ಲ. ನಾಲ್ಕು ವರ್ಷಕ್ಕೆ ಮನೆಗೆ ಬಂದವನಿಗೆ ಮಾಜಿ ಸೈನಿಕ ಅನ್ನುವ ಹೆಸರೂ ಇಲ್ಲ, ಕ್ಯಾಂಟೀನ್ ಕಾರ್ಡೂ ಇಲ್ಲ. ಸೇವೆಯಲ್ಲಿ ಇರುವಷ್ಟು ದಿನ 48 ಲಕ್ಷದ ವಿಮೆ ಇದೆ. ಆ ಮಾತು ಎತ್ತಿದಾಗ ಅವ್ವ ‘ಬಾಯಿ ಮುಚ್ಚ’ ಅಂದಳು, ಮುಚ್ಚಿದೆ.

ಇನ್ನು ‘ಖಾಯಂ’. ನಾಲ್ಕು ವರ್ಷ ಮುಗಿಸಿದವರಲ್ಲಿ ಹೆಚ್ಚೆಂದರೆ 25 ಪರ್ಸೆಂಟ್ ಮಂದಿಯನ್ನು ಇನ್ನೂ 15 ವರ್ಷಕ್ಕೆ ತಗೊಳ್ಳುತ್ತಾರೆ. ಮ್ಯಾನೇಜರು ಎಲ್ಲ ತಂದೆ–ತಾಯಿಗೂ ‘ನಿಮ್ಮ ಹುಡುಗ ಆ 25ರಾಗ ಇದ್ದೇ ಇರ್ತಾನ’ ಅನ್ನುತ್ತಿದ್ದರು. ಅರವತ್ತು ಹುಡುಗರ ಮನೆಯವರಿಗೂ ಇದೇ ಮಾತು. ಹವಾಲ್ದಾರ್ ಸರ್ ಪಕ್ಕದಲ್ಲೇ ಕೂತು ಪೇಪರ್ ಓದುತ್ತಿದ್ದರು, ತಲೆ ಎತ್ತಲಿಲ್ಲ. ನಾನು ಬಸ್ಸಿಗೆ ಹೊರಟಾಗ ಗೇಟಿನ ತನಕ ಬಂದರು. ‘ಅಕ್ಕಾರ, ಇಂವಾ ವಾಪಸ್ ಬಂದ್ರ 23 ವಯಸ್ಸು ಆಗಿರ್ತೈತಿ. ಐಟಿಐ ಏನರ ಮಾಡ್ಸೀರೇನು?’ ಅಂತ ಕೇಳಿದರು. ಇಲ್ಲ ಅಂದೆ. ‘ಹಾಕಿ ಇಡ್ರಿ ತಲ್ಯಾಗ’ ಅಂದು ತಿರುಗಿ ಹೋದರು. 45,000 ರೂಪಾಯಿಗೆ ಅಲ್ಲಿ ಸಿಕ್ಕ ಒಂದೇ ಪ್ರಾಮಾಣಿಕ ಸಲಹೆ ಅದು. ಕೊಟ್ಟವರ ಸಂಬಳ ಅಲ್ಲಿ ಎಲ್ಲರಿಗಿಂತ ಕಡಿಮೆ ಅಂತ ಆಮೇಲೆ ಗೊತ್ತಾಯಿತು.

ನಮ್ಮೂರಲ್ಲಿ ಈ ಅಗ್ನಿಪಥದ ಮೇಲೆ ಒಂದು ಮನಸ್ಸಿಲ್ಲ. ದೊಡ್ಡಪ್ಪನ ಮಗ ಕೊರೊನಾ ಕಾಲದಲ್ಲಿ ಹಳೇ ಪದ್ಧತಿಯಲ್ಲೇ ಫಿಸಿಕಲ್, ಮೆಡಿಕಲ್ ಎರಡೂ ಪಾಸಾಗಿದ್ದ. ಲಿಖಿತ ಪರೀಕ್ಷೆ ಇವತ್ತು, ನಾಳೆ ಅಂತ ವರ್ಷಗಟ್ಟಲೆ ಮುಂದೆ ಹಾಕಿದರು. 2022ರ ಜೂನ್ 14ಕ್ಕೆ ರಾಜನಾಥ್ ಸಿಂಗ್ ಅಗ್ನಿಪಥ ಘೋಷಿಸಿದರು, ಹಳೆಯದೆಲ್ಲ ರದ್ದು. ಬಿಹಾರದಲ್ಲಿ ರೈಲಿಗೆ ಬೆಂಕಿ ಬಿತ್ತು, ಸಿಕಂದರಾಬಾದ್ ಸ್ಟೇಷನ್ನಿನಲ್ಲಿ ಗುಂಡೇಟಿಗೆ ಒಬ್ಬ ಹುಡುಗ ಸತ್ತ, ಧಾರವಾಡದಲ್ಲಿ ಲಾಠಿ ಬೀಸಿದರು. ನಮ್ಮ ಅಣ್ಣ ಆ ದಿನ ಧಾರವಾಡದಲ್ಲೇ ಇದ್ದ, ಬೆನ್ನಿನ ಬಾಸುಂಡೆಗೆ ದೊಡ್ಡವ್ವ ಅರಿಶಿನ ಹಚ್ಚಿದ್ದು ನಾನೇ ನೋಡಿದ್ದೇನೆ. ಆ ವರ್ಷದ ಮಟ್ಟಿಗೆ ವಯಸ್ಸಿನ ಮಿತಿ 23ಕ್ಕೆ ಏರಿಸಿದ್ದರಿಂದ ಇನ್ನೊಮ್ಮೆ ಹೋಗಬಹುದಿತ್ತು. ‘ಒಮ್ಮೆ ಓಡಿ ಪಾಸಾದಾಂವ ನಾ. ಮತ್ತ್ಯಾಕ ಓಡ್ಲಿ?’ ಅಂದ. ಈಗ ಜೆಸಿಬಿ ಹೊಡೆಯುತ್ತಾನೆ. ಕೋರ್ಟಿಗೆ ಹೋದವರದೂ ನಡೆಯಲಿಲ್ಲ, 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಯೋಜನೆ ಸರಿ ಅಂದಿತು.

ಅದೇ ಅಣ್ಣ ನನ್ನ ತಮ್ಮನನ್ನು ಅಕಾಡೆಮಿಗೆ ಬಿಡಲು ತನ್ನ ಬೈಕಿನಲ್ಲೇ ಕರೆದುಕೊಂಡು ಹೋದ. ಹದಿನೇಳು ವರ್ಷ ಸೇವೆ ಮಾಡಿ ಪಿಂಚಣಿ ತಿನ್ನುವ ಮಾವ ಮಾತ್ರ ಕಟ್ಟೆಗೆ ಕೂತು ‘ನಾಲ್ಕು ವರ್ಷದ ಸಿಪಾಯಿಗೆ ಹೆಣ್ಣು ಯಾರು ಕೊಡ್ತಾರಲೇ’ ಅಂತ ನಗುತ್ತಾನೆ. ಅವನ ಮಗ ಮುಂದಿನ ಬ್ಯಾಚಿಗೆ ಅದೇ ಅಕಾಡೆಮಿಗೆ ಹೆಸರು ಹಚ್ಚಿದ್ದಾನೆ ಅನ್ನುವುದು ಬೇರೆ ಮಾತು.

ರ್ಯಾಲಿಯ ದಿನ ತಮ್ಮ 5:36ಕ್ಕೆ ಓಡಿದ, ಬೀಮ್ ಹತ್ತು. 88 ಅಂಕ. ಕೊನೆಯ ಸುತ್ತಿನಲ್ಲಿ ಮುಂದಿನವನು ಬಿದ್ದ, ಅವನನ್ನು ದಾಟಲು ಆರು ಸೆಕೆಂಡ್ ಹೋಯಿತಂತೆ. ಮೆರಿಟ್ ಲಿಸ್ಟಿನಲ್ಲಿ ಹೆಸರು ಬಂತು. ಈಗ ಟ್ರೇನಿಂಗ್‌ನಲ್ಲಿದ್ದಾನೆ, ಭಾನುವಾರ ಫೋನ್ ಮಾಡುತ್ತಾನೆ. ಅಲ್ಲಿ ಹಾಲು ಗಟ್ಟಿ ಇದೆಯಂತೆ.

ಹಾಗಾದರೆ ಕಳಿಸಬೇಕೋ ಬೇಡವೋ? ಓಟ, ಬೀಮಿಗಾಗಿ ಕಳಿಸುವುದಾದರೆ ಕಳಿಸಿ, ಆದರೆ ಒಂದೂವರೆ ತಿಂಗಳ ದುಡ್ಡು ಮಾತ್ರ ಕಟ್ಟಿ, ಆ ಹವಾಲ್ದಾರ್ ಸರ್ ಇನ್ನೂ ಇದ್ದಾರೆಯೇ ಅಂತ ಮೊದಲು ಕೇಳಿ. ಪಾಠ ಮನೆಯಲ್ಲೇ ಆಗಲಿ. ಅರ್ಜಿಯನ್ನು ನೀವೇ ತುಂಬಿ. ಐದರಲ್ಲಿ ಎರಡೂವರೆ ಸ್ಟಾರ್ ಕೊಡುತ್ತೇನೆ, ಎರಡೂವರೆಯೂ ಗ್ರೌಂಡಿನವು.

ಹೋದ ವಾರ ಅಕಾಡೆಮಿಯಿಂದ ಫೋನ್ ಬಂತು. ‘ಅಕ್ಕಾರ, ತಮ್ಮಂದು ಡ್ರೆಸ್ ಮ್ಯಾಲಿನ ಫೋಟೊ ಕಳಸ್ರಿ, ಬ್ಯಾನರ್ ಹಾಕಸ್ತೀವಿ.’ ಮೊದಲು 2,000 ಕಳಿಸಿ, ಆಮೇಲೆ ಫೋಟೊ ಅಂದೆ. ‘ಆಫೀಸ್‌ನಾಗ ಕೇಳಿ ಹೇಳ್ತೀನಿ’ ಅಂತ ಇಟ್ಟರು. ಮೊನ್ನೆ ಸವದತ್ತಿ ಬಸ್ ಸ್ಟ್ಯಾಂಡಿನ ಹತ್ತಿರ ಬ್ಯಾನರ್ ನೋಡಿದೆ. ಎರಡನೆಯ ಸಾಲಿನಲ್ಲಿ ನನ್ನ ತಮ್ಮ, ಅಡ್ಮಿಶನ್ ಫಾರ್ಮಿಗೆ ಕೊಟ್ಟ ಪಾಸ್‌ಪೋರ್ಟ್ ಫೋಟೊದ ಚೌಕಡಿ ಅಂಗಿಯಲ್ಲಿ, ಇನ್ನೂ ಮೀಸೆ ಸರಿಯಾಗಿ ಮೂಡದ ಮುಖ.