ಪೋರ್ಟ್ ಮಾಡುವಾಗ ಕನ್ನಡ ಮೆಸೇಜು: ಗೆಟ್‌ಟೆಕ್ಸ್ಟ್, ಕ್ಯಾಟ್‌ಗೆಟ್ಸ್, ವಿಂಡೋಸ್ ಸ್ಟ್ರಿಂಗ್ ಟೇಬಲ್

ಪ್ರೋಗ್ರಾಮಿನ ಮೆಸೇಜುಗಳನ್ನು ಬೇರೆ ಭಾಷೆಯಲ್ಲಿ ತೋರಿಸಲು ಈ ಮೂರು ದಾರಿಗಳನ್ನು ನೋಡಿದೆ. ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಗೆಟ್‌ಟೆಕ್ಸ್ಟ್‌ಗೆ. ಲಿನಕ್ಸ್‌ಗಾಗಿ ಸಿ ಭಾಷೆಯಲ್ಲಿ ಬರೆದಿದ್ದ ಚಿಕ್ಕ ಬ್ಯಾಕಪ್ ಟೂಲನ್ನು ವಿಂಡೋಸ್‌ನಲ್ಲೂ ಓಡುವಂತೆ ಪೋರ್ಟ್ ಮಾಡುತ್ತಿದ್ದೆ. ಹೇಗೂ ಕೈ ಹಾಕಿದ್ದೇನೆ, ಮೆಸೇಜುಗಳು ಕನ್ನಡದಲ್ಲೂ ಬರಲಿ ಅಂತ ಆಸೆಯಾಯಿತು.

ಕ್ಯಾಟ್‌ಗೆಟ್ಸ್ ಬಗ್ಗೆ ಜಾಸ್ತಿ ಹೇಳಲು ಏನೂ ಇಲ್ಲ. ಯುನಿಕ್ಸ್ ಮಾದರಿಯ ಸಿಸ್ಟಮ್ಮುಗಳ ಮಾನದಂಡವಾದ ಪೋಸಿಕ್ಸ್‌ನಲ್ಲಿದೆ, ವಿಂಡೋಸ್‌ನ ಸಿ ಲೈಬ್ರರಿಯಲ್ಲಿ ಇಲ್ಲ. ಅಲ್ಲಿಗೆ ಕೈಬಿಟ್ಟೆ.

ಹೋಗುವುದು ವಿಂಡೋಸ್‌ಗೆ ತಾನೇ, ಅದರದ್ದೇ ಸ್ಟ್ರಿಂಗ್ ಟೇಬಲ್ (ಪ್ರೋಗ್ರಾಮಿನೊಳಗೇ ಇರುವ ಮೆಸೇಜುಗಳ ಪಟ್ಟಿ) ಬಳಸೋಣ ಅಂದುಕೊಂಡೆ. ಎಡವಿದ್ದು ಇಲ್ಲೇ. ಪ್ರತಿ ಮೆಸೇಜಿಗೂ ಒಂದು ನಂಬರ್ ಕೊಟ್ಟು, ಕನ್ನಡದ ಸಾಲುಗಳನ್ನು ರಿಸೋರ್ಸ್ ಫೈಲಿಗೆ ಹಾಕಿ, ಬಿಲ್ಡ್ ಮಾಡಿ ಓಡಿಸಿದರೆ ಪರದೆ ತುಂಬ ಬರೀ ಪ್ರಶ್ನಾರ್ಥಕ ಚಿಹ್ನೆ. ಫಾಂಟ್ ಬದಲಿಸಿದೆ. ಕನ್ಸೋಲಿನ ಕೋಡ್ ಪೇಜನ್ನು (ಯಾವ ಬೈಟ್ ಯಾವ ಅಕ್ಷರ ಎಂದು ಹೇಳುವ ಪಟ್ಟಿ) 65001, ಅಂದರೆ ಯೂನಿಕೋಡನ್ನು ಬೈಟುಗಳಾಗಿ ಬರೆಯುವ ಯುಟಿಎಫ್-8, ಮಾಡಿದೆ. ಅದೇ ಕಥೆ. ಎರಡು ಸಂಜೆ ಸುಮ್ನೆ ಹಾಳಾದವು. ಕೊನೆಗೆ ಔಟ್‌ಪುಟ್ಟನ್ನು ಫೈಲಿಗೆ ಬರೆಸಿ ಬೈಟುಗಳನ್ನೇ ತೋರಿಸುವ ಹೆಕ್ಸ್ ಎಡಿಟರಿನಲ್ಲಿ ತೆರೆದೆ. ಯುಟಿಎಫ್-8ರಲ್ಲಿ ಒಂದು 'ಕ'ಗೆ 3 ಬೈಟ್ ಬೇಕು, ಅಲ್ವಾ? ಇಲ್ಲಿ ಸಾಲಾಗಿ 3ಎಫ್, 3ಎಫ್, 3ಎಫ್. ಅದು ಪ್ರಶ್ನಾರ್ಥಕ ಚಿಹ್ನೆಯದೇ ಬೈಟ್. ಫಾಂಟ್ ಇಲ್ಲದಿದ್ದರೆ ಡಬ್ಬಿ ಕಾಣುತ್ತಿತ್ತು. ಇಲ್ಲಿ ಪರದೆಗೆ ಬರುವ ಮುಂಚೆಯೇ ಅಕ್ಷರ ಕಳೆದುಹೋಗಿತ್ತು.

ಕಾರಣ ಇಷ್ಟು. ನನ್ನ ಕೋಡೆಲ್ಲ ಮಾಮೂಲಿ ಚಾರ್ ಸ್ಟ್ರಿಂಗ್ (ಬೈಟುಗಳ ಸಾಲು), ಹಾಗಾಗಿ ಟೇಬಲ್ಲಿನಿಂದ ಮೆಸೇಜು ತರುವ ಲೋಡ್‌ಸ್ಟ್ರಿಂಗ್‌ನ 'ಎ' ರೂಪವನ್ನು ಕರೆದಿದ್ದೆ. ಅದು ಯೂನಿಕೋಡನ್ನು ಸಿಸ್ಟಮ್ಮಿನ ಆನ್ಸಿ ಕೋಡ್ ಪೇಜಿಗೆ (ಕನ್ಸೋಲಿನದ್ದಲ್ಲ, ಹಳೆಯ ಪ್ರೋಗ್ರಾಮುಗಳಿಗಾಗಿ ಇರುವ ಬೇರೊಂದು) ಇಳಿಸಿ ಕೊಡುತ್ತದೆ. ಕನ್ನಡಕ್ಕೆ ಅಂಥ ಕೋಡ್ ಪೇಜೇ ಇಲ್ಲ! 'ಡಬ್ಲ್ಯೂ' ರೂಪಕ್ಕೆ ಹೋದರೆ ಸರಿಹೋಗುತ್ತದೆ, ಆದರೆ ಮೆಸೇಜು ವೈಡ್ ಕ್ಯಾರೆಕ್ಟರಿನಲ್ಲಿ (ವಿಂಡೋಸ್‌ನಲ್ಲಿ ಒಂದೊಂದೂ 2 ಬೈಟ್) ಬರುತ್ತದೆ, ಆಗ ಪ್ರಿಂಟ್ ಮಾಡುವ ಪ್ರತಿ ಜಾಗವನ್ನೂ ತಿದ್ದಬೇಕು, ಲಿನಕ್ಸ್ ಬಿಲ್ಡಿಗೆ ಅದು ಬೇಡದ ಹೊರೆ. ವಿಂಡೋಸ್ 10ರ 1903 ಆವೃತ್ತಿಯಿಂದ ಪ್ರೋಗ್ರಾಮಿನ ಜೊತೆಗಿರುವ ಮ್ಯಾನಿಫೆಸ್ಟ್ ಎಂಬ ವಿವರಣೆಯಲ್ಲೇ ಯುಟಿಎಫ್-8 ಬೇಕು ಅಂತ ಬರೆಯಬಹುದು, ನಿಜ. ನನ್ನ ಟೂಲ್ ಬಳಸುವ ಕೆಲವರು ಇನ್ನೂ ವಿಂಡೋಸ್ 7ರಲ್ಲಿದ್ದಾರೆ.

ಗೆಟ್‌ಟೆಕ್ಸ್ಟ್‌ನಲ್ಲಿ ಇದಕ್ಕೆ ಒಂದೇ ಸಾಲು: ಬೈಂಡ್ ಟೆಕ್ಸ್ಟ್‌ಡೊಮೈನ್ ಕೋಡ್‌ಸೆಟ್ ಎಂಬ ಫಂಕ್ಷನ್ ಕರೆದು ಯುಟಿಎಫ್-8 ಕೇಳಿದರೆ ಆಯಿತು. ಕೋಡ್ ಚಾರ್ ಸ್ಟ್ರಿಂಗಾಗಿಯೇ ಉಳಿಯುತ್ತದೆ. ನಂಬರಿನ ಗೋಜಿಲ್ಲ, ಇಂಗ್ಲಿಷ್ ಸಾಲೇ ಕೀಲಿ. ಅನುವಾದ ಇಲ್ಲದ ಕಡೆ ಇಂಗ್ಲಿಷೇ ಕಾಣುತ್ತದೆ, ಟೂಲ್ ಕೆಲಸ ಮಾಡುತ್ತಲೇ ಇರುತ್ತದೆ.

ಪದಗಳ ಕ್ರಮವೂ ಮುಖ್ಯ. ಇಂಗ್ಲಿಷಿನಲ್ಲಿ ಫೈಲಿನ ಹೆಸರು ಮೊದಲು, ಫೋಲ್ಡರ್ ಆಮೇಲೆ. ನಮಗೆ 'ಇಂಥ ಫೋಲ್ಡರಿನಲ್ಲಿ ಇಂಥ ಫೈಲ್ ಸಿಗಲಿಲ್ಲ' ಅಂದರೇ ಸಹಜ. ಮೆಸೇಜಿನಲ್ಲಿ ಹೆಸರುಗಳನ್ನು ತುಂಬಿ ತೋರಿಸುವ, ವಿಂಡೋಸ್‌ನ ಮಾಮೂಲಿ ಪ್ರಿಂಟ್‌ಎಫ್‌ಗೆ ಈ ಅದಲುಬದಲು ಬರುವುದಿಲ್ಲ. ಗೆಟ್‌ಟೆಕ್ಸ್ಟ್‌ನ ಲೈಬ್ರರಿಯಾದ ಲಿಬ್‌ಇಂಟ್ಲ್ ತನ್ನದೇ ಪ್ರಿಂಟ್‌ಎಫ್ ಕೊಟ್ಟು ಅದನ್ನು ನಿಭಾಯಿಸುತ್ತದೆ. ವಿಂಡೋಸ್‌ನ ಫಾರ್ಮ್ಯಾಟ್‌ಮೆಸೇಜ್ ಕೂಡ ಈ ವಿಷಯದಲ್ಲಿ ಚೆನ್ನಾಗಿದೆ, ಇಲ್ಲ ಅನ್ನುವುದಿಲ್ಲ.

ಲಿಬ್‌ಇಂಟ್ಲ್‌ನ ಡಿಎಲ್‌ಎಲ್ ಫೈಲನ್ನು ಜೊತೆಗೆ ಕೊಡಬೇಕು, ಅದೊಂದೇ ತಲೆನೋವು.

ಬರೀ ವಿಂಡೋಸ್‌ಗೆ ಹೊಸದಾಗಿ ಬರೆಯುವವರು ಸ್ಟ್ರಿಂಗ್ ಟೇಬಲ್ಲನ್ನೇ ಬಳಸಲಿ. ನಾನು ಬಿಡುವಿನಲ್ಲಿ ಒಬ್ಬನೇ ಮಾಡುವವನು, ದುಡ್ಡು ಹಾಕುವಂತಿಲ್ಲ, ಒಂದೇ ಕೋಡ್ ಎರಡೂ ಕಡೆ ಓಡಬೇಕು. ಅನುವಾದ ಮಾಡಿಕೊಡುವ ಗೆಳತಿಗೆ ಪ್ರೋಗ್ರಾಮಿಂಗ್ ಬರುವುದಿಲ್ಲ. ಪಿಒ ಫೈಲ್ (ಇಂಗ್ಲಿಷ್ ಸಾಲು, ಅದರ ಕೆಳಗೆ ಅನುವಾದಕ್ಕೆ ಜಾಗ ಇರುವ ಗೆಟ್‌ಟೆಕ್ಸ್ಟ್‌ನ ಫೈಲ್) ಕಳಿಸುತ್ತೇನೆ, ತುಂಬಿ ವಾಪಸ್ ಕಳಿಸುತ್ತಾಳೆ, ಅದೇ ಫೈಲ್ ಎರಡೂ ಬಿಲ್ಡಿಗೆ ಹೋಗುತ್ತದೆ.