ಒಂದೇ ಸೆನ್ಸರ್, ಎರಡು ರೇಟು: ಎಕ್ಸ್-ಟಿ3 ತಗೊಳ್ಳೋದಾ, ಎಕ್ಸ್-ಟಿ30 ಸಾಕಾ?

ಫ್ಯೂಜಿಫಿಲ್ಮ್‌ನೋರು 2018ರಲ್ಲಿ ಎಕ್ಸ್-ಟಿ3 ಕ್ಯಾಮೆರಾ ಬಿಟ್ಟಾಗ ಅದರಲ್ಲಿದ್ದ 26 ಮೆಗಾಪಿಕ್ಸೆಲ್ ಸೆನ್ಸರ್ರು (ಬೆಳಕು ಹಿಡಿದು ಫೋಟೋ ಮಾಡೋ ಚಿಪ್ಪು), ಪ್ರೊಸೆಸರ್ರು ಎರಡನ್ನೂ ಮುಂದಿನ ವರ್ಷ ಹಾಗೇ ಎತ್ಕೊಂಡು ಸಣ್ಣ ಎಕ್ಸ್-ಟಿ30 ಒಳಗೆ ಕೂರಿಸಿದ್ರು, ಬ್ಯಾಟರಿನೂ ಅದೇ, ಡಿಸೈನ್ ಖರ್ಚು ಆಗ್ಲೇ ಆಗಿಹೋಗಿರುತ್ತಲ್ಲ, ಚಿಪ್ಪು ಜಾಸ್ತಿ ಮಾಡಿಸಿದಷ್ಟೂ ಒಂದೊಂದಕ್ಕೆ ಬೀಳೋ ಖರ್ಚು ಇಳಿಯುತ್ತೆ, ಟಿ30 ಕಮ್ಮಿಗೆ ಸಿಗೋಕೆ ಅದೂ ಒಂದು ಕಾರಣ. ಒಂದೇ ಲೆನ್ಸ್ ಹಾಕಿ ತೆಗೆದ ಫೋಟೋ ಪಕ್ಕಪಕ್ಕ ಇಟ್ರೆ ಯಾವುದು ಯಾವುದ್ರದ್ದು ಅಂತ ಹೇಳೋದು ಕಷ್ಟ.

ಹಂಗಾದ್ರೆ ಟಿ3ಗೆ ಜಾಸ್ತಿ ದುಡ್ಡು ಯಾಕೆ? ಮಳೆ-ಧೂಳು ತಡೆಯೋ ಬಾಡಿ, ಇನ್ನೂ ಚೆನ್ನಾಗಿರೋ ವ್ಯೂಫೈಂಡರ್ (ಕಣ್ಣಿಟ್ಟು ನೋಡೋ ಕಿಂಡಿ), 4ಕೆ ವಿಡಿಯೋ ಸೆಕೆಂಡಿಗೆ 60 ಫ್ರೇಮ್ (ಟಿ30 ಮೂವತ್ತಕ್ಕೇ ಸುಸ್ತು), ಎರಡು ಕಾರ್ಡ್ ಸ್ಲಾಟ್. ಮದುವೆ ಶೂಟ್ ಮಾಡೋರಿಗೆ ಆ ಎರಡನೇ ಸ್ಲಾಟ್ ಒಂದೇ ಸಾಕು, ಕಾರ್ಡ್ ಕೈಕೊಡ್ತು ಅಂತ ತಾಳಿ ಮತ್ತೆ ಕಟ್ಟಿಸೋಕಾಗುತ್ತಾ! ಟ್ರಿಪ್ಪಿಗೆ, ಮನೆ ಮಕ್ಕಳ ಫೋಟೋಗೆ ನಾನಾದ್ರೆ ಟಿ30 ತಗೊಂಡು ಉಳಿದಿದ್ದನ್ನ ಲೆನ್ಸಿಗೆ ಹಾಕ್ತೀನಿ.

ಲೆನ್ಸ್ ಅಂದ್ರೆ ಇನ್ನೊಂದು, ಬೇರೆ ಬ್ರಾಂಡ್ ನೋಡೋರು ಮೌಂಟ್ (ಕ್ಯಾಮೆರಾಗೆ ಲೆನ್ಸ್ ಕೂರೋ ಜಾಗ) ಗಮನಿಸಿ. ಸೋನಿ 2011ರಲ್ಲೇ ಇ-ಮೌಂಟ್ ವಿವರ ಬೇರೆ ಕಂಪನಿಗಳಿಗೆ ಕೊಡ್ತು, ಅದಕ್ಕೇ ಸಿಗ್ಮಾ, ಟ್ಯಾಮ್ರಾನ್ ಲೆನ್ಸ್‌ಗಳು ಧಾರಾಳ, ಪೈಪೋಟಿ ಜೋರು. ಕ್ಯಾನನ್ ಆರ್‌ಎಫ್ ಮೌಂಟ್ ಮಾತ್ರ ಬಾಗಿಲು ಹಾಕ್ಕೊಂಡು ಕೂತಿತ್ತು, 2024ರಲ್ಲಿ ಸಿಗ್ಮಾ, ಟ್ಯಾಮ್ರಾನ್ ಇಬ್ಬರಿಗೆ ಲೈಸೆನ್ಸ್ ಕೊಟ್ಟಾಗ್ಲೂ ಬರೀ ಎಪಿಎಸ್-ಸಿ (ಸಣ್ಣ ಸೆನ್ಸರ್ ಕ್ಯಾಮೆರಾದ) ಲೆನ್ಸಿಂದ ಶುರು.